ಕಂಡಕ್ಟರನ ಕರಿನಾಲಿಗೆ

ಬಸ್ಸಿನ ಬಾಗಿಲಲ್ಲಿ ಮೂವತ್ತು ವರ್ಷ ನೇತಾಡಿದವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ; ಏನೂ ಆಗದ ದಿನ ಕಿಟಕಿಗೆ ತಲೆಯಾನಿಸಿ ಒಂದು ಕನಸು ಕಂಡರೆ ಸಾಯಂಕಾಲದ ಹೊತ್ತಿಗೆ ಅದೂ ನಡೆದದ್ದರ ಲೆಕ್ಕಕ್ಕೇ ಸೇರಿಹೋಗುತ್ತದೆ. ಮಧುಗಿರಿಯಿಂದ ಹೊರಡುವ ಒಂದು ಖಾಸಗಿ ಬಸ್ಸಿಗೆ ನಾನು ಕಂಡಕ್ಟರು. ಬೆಳಿಗ್ಗೆ ಕೊರಟಗೆರೆ, ಮಧ್ಯಾಹ್ನ ಪಾವಗಡ, ನಡುನಡುವೆ ಶಿರಾ. ಈ ನಾಲ್ಕು ತಾಲ್ಲೂಕಿನಲ್ಲಿ ನನ್ನ ಮುಖ ಗೊತ್ತಿಲ್ಲದವರು ಇದ್ದಾರು; ನನ್ನ ನಾಲಿಗೆ ಗೊತ್ತಿಲ್ಲದವರು ಇರಲಿಲ್ಲ. ಅದು ಕಪ್ಪಗಿತ್ತು. ಆ ಕಪ್ಪಿನ ಮೇಲೆಯೇ ನನ್ನ ಕೆಲಸ ನಿಂತಿತ್ತು.

೧. ಆಕಳಿಕೆ

ನನ್ನ ನಾಲಿಗೆಯನ್ನು ಕಂಡುಹಿಡಿದದ್ದು ಐ.ಡಿ.ಹಳ್ಳಿಯ ಒಬ್ಬ ಅಜ್ಜಿ. ಮಧ್ಯಾಹ್ನದ ಟ್ರಿಪ್ಪು. ಬಸ್ಸು ತೊಟ್ಟಿಲಿನ ಹಾಗೆ ತೂಗುತ್ತಿತ್ತು, ಅರ್ಧ ಜನ ನಿದ್ದೆಯಲ್ಲಿದ್ದರು, ದೂರದ ಗುಡ್ಡಗಳೂ ಬಿಸಿಲಿಗೆ ತೂಕಡಿಸುತ್ತಿದ್ದವು. ನಾನು, "ಈ ಹಿಂದಿನ ಟೈರು ಇನ್ನೆರಡು ಮೈಲಿ ಬಂದ್ರೆ ಹೆಚ್ಚು" ಎಂದು ಬಾಯಿ ತುಂಬಾ ಆಕಳಿಸಿದೆ. ಎರಡು ಮೈಲಿಗೆ ಸರಿಯಾಗಿ ಟೈರು ಢಂ ಎಂದಿತು.

ಅಜ್ಜಿ ಎದ್ದು ನಿಂತಳು. "ಅಯ್ಯೋ ಶಿವ್ನೇ! ಕರಿನಾಲ್ಗೆ ಕಣಮ್ಮ! ಈವಯ್ಯ ಅಂದಿದ್ದು ಅಂದಂಗೇ ಆಯ್ತದೆ!"

ನಾಲಿಗೆ ಕಪ್ಪಗಿರುವವರು ನುಡಿದದ್ದು ನಿಜವಾಗುತ್ತದೆ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಆ ಟೈರಿನಲ್ಲಿ ಬೆಳಿಗ್ಗೆಯೇ ದಾರ ಕಾಣುತ್ತಿತ್ತು, ನಾನು ನೋಡಿದ್ದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ದೊಡ್ಡ ಮನುಷ್ಯರು ಎಲ್ಲವನ್ನೂ ಹೇಳಿಕೊಂಡು ತಿರುಗುವುದಿಲ್ಲ.

ಸುದ್ದಿ ಬಸ್ಸಿನ ಸಾಹುಕಾರರ ಕಿವಿಗೆ ನಮ್ಮ ಬಸ್ಸಿಗಿಂತ ಮೊದಲೇ ತಲುಪಿತು. ನಮ್ಮ ಬಸ್ಸಿಗಿಂತ ಮೊದಲು ಯಾವುದು ಬೇಕಾದರೂ ತಲುಪುತ್ತದೆ, ಆ ಮಾತು ಬೇರೆ. ಮಾರನೆಯ ದಿನವೇ ಅವರ ಅಪ್ಪಣೆಯಾಯಿತು: "ನೋಡಪ್ಪ, ದಿನಾ ಬೆಳಿಗ್ಗೆ ಗಾಡಿ ಮುಂದೆ ನಿಂತ್ಕಂಡು 'ಇವತ್ತು ಎಲ್ಲೂ ನಿಲ್ಲಲ್ಲ' ಅಂತ ಒಂದು ಮಾತು ಅಂದ್ಬುಡು. ನಿನ್ನನ್ನ ಕೆಲಸದಿಂದ ತೆಗೆಯೋನು ಇನ್ನೂ ಹುಟ್ಟಿಲ್ಲ."

ನಾನು ಹೇಳಿದೆ. ಮೊದಲ ದಿನವೇ ಮಾತು ಎಷ್ಟು ಫಲಿಸಿತೆಂದರೆ, ಮಿಡಿಗೇಶಿಯಲ್ಲಿ ಕೈ ತೋರಿಸಿದವರಿಗೂ ಬಸ್ಸು ನಿಲ್ಲಲಿಲ್ಲ. ಬ್ರೇಕ್ ಹೋಗಿತ್ತು.

೨. ಮದುವೆ ಊಟ

ಕರಿನಾಲಿಗೆಯವನನ್ನು ಮದುವೆಗೆ ಕರೆಯುವುದೂ ಕಷ್ಟ, ಬಿಡುವುದೂ ಕಷ್ಟ. ಹೊಳವನಹಳ್ಳಿಯ ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯವರು ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಎಡಕ್ಕೊಬ್ಬ ಬಲಕ್ಕೊಬ್ಬ ಬಡಿಸುವವರನ್ನು ನಿಲ್ಲಿಸಿದರು. ಹೋಳಿಗೆ ಮೇಲೆ ಹೋಳಿಗೆ. ಒಂದು ನುಂಗುವಷ್ಟರಲ್ಲಿ ಇನ್ನೊಂದು. ತುಪ್ಪದ ಅಮಲಿಗೆ ಚಪ್ಪರದ ಮಾವಿನೆಲೆಗಳೆಲ್ಲ ಹಸಿರು ಗಿಳಿಗಳಾಗಿ ಹಾರಾಡುವ ಹಾಗೆ ಕಾಣತೊಡಗಿದವು. ಇಷ್ಟೊಂದು ಪ್ರೀತಿಯೇ ಎಂದು ಕಣ್ಣು ತುಂಬಿ ಬಂತು.

ಆರನೆಯದಕ್ಕೆ ಕೈ ಅಡ್ಡ ಹಿಡಿದು ಏನೋ ಹೇಳಹೊರಟೆ. ಮದುವಣಗಿತ್ತಿಯ ತಂದೆ ಅಡುಗೆ ಮನೆಯ ಬಾಗಿಲಿಂದ ಕೂಗಿದರು: "ಲೇ, ತಾಳಿ ಇನ್ನೂ ಕಟ್ಟಿಲ್ಲ ಕಣ್ರಲಾ! ಅವರ ಬಾಯಿ ಖಾಲಿ ಬಿಡಬ್ಯಾಡ್ರಿ!"

೩. ಬಣ್ಣ ಇಳಿಯಿತು

ಆಮೇಲೆ ಟಿಕೆಟ್ ಮಿಷನ್ನು ಬಂತು. ಗುಂಡಿ ಒತ್ತಿದರೆ ಚೀಟಿ ತಾನಾಗಿ ನಾಲಿಗೆ ಚಾಚಿದ ಹಾಗೆ ಹೊರಬರುತ್ತದೆ. ಹಳೆಯ ನೀಲಿ ಟಿಕೆಟ್ ಕಟ್ಟುಗಳು ಮೂಲೆ ಸೇರಿದವು. ನನ್ನ ಎರಡು ಕೈಗೂ ಬಿಡುವು ಸಿಕ್ಕಿತು, ಕನಸಿಗೆ ಇನ್ನಷ್ಟು ಹೊತ್ತು ಸಿಕ್ಕಿತು.

ತಿಂಗಳೊಪ್ಪತ್ತು ಕಳೆದ ಮೇಲೆ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಾಲಿಗೆ ಚಾಚಿದೆ. ನಾಲಿಗೆ ಎಳೆಗೂಸಿನದರ ಹಾಗೆ ಗುಲಾಬಿ! ಹೆಂಡತಿ ಇಣುಕಿ ನೋಡಿ, "ಎಷ್ಟು ಚೆನ್ನಾಗೈತೆ!" ಎಂದಳು. ಅವಳಿಗೇನು ಗೊತ್ತು, ಮನೆಗೆ ಅನ್ನ ಬರುತ್ತಿದ್ದದ್ದು ಆ ಕಪ್ಪು ಬಣ್ಣದಿಂದ.

ಅದೇ ವಾರ ಸಾಹುಕಾರರು ಪಾವಗಡದ ದಾರಿಗೆ ಹೊಸ ಬಸ್ಸು ತರಿಸಿದರು. "ಶುಕ್ರವಾರ ಪೂಜೆ. ಎಲ್ಲರ ಎದುರಿಗೆ ನಾಲಿಗೆ ತೋರಿಸಿ ಒಂದು ಒಳ್ಳೆ ಮಾತು ನುಡಿ. ಆ ಗಾಡಿ ನಿಂದೇ" ಎಂದರು. ಆಮೇಲೆ ನನ್ನ ಮುಚ್ಚಿದ ಬಾಯಿಯನ್ನೇ ದಿಟ್ಟಿಸಿ, "ಏನೋ ಬಣ್ಣ ಇಳೀತಾ ಐತಂತೆ? ಹಂಗೇನಾದ್ರೂ ಆದ್ರೆ ಪಾರ್ಸಲ್ ಗೋಡೌನು ಐತೆ, ಅಲ್ಲಿ ಕೂತ್ಕಾ" ಎಂದರು.

ಗೋಡೌನಿಗೆ ಕಿಟಕಿ ಇಲ್ಲ. ಕಿಟಕಿ ಇಲ್ಲದ ಕಡೆ ನಾನು ಕನಸು ಕಾಣುವುದಾದರೂ ಹೇಗೆ?

೪. ಉಲ್ಟಾ ರೋಗಿ

ನಮ್ಮ ಡ್ರೈವರು ಶಿರಾದವನು, ಇಪ್ಪತ್ತು ವರ್ಷದ ಜೊತೆಗಾರ. "ಅರೆ ಭಾಯ್, ಫಿಕರ್ ಮಾಡ್ಬೇಡ" ಎಂದು ತನ್ನ ಬೀದಿಯ ಲೇಡಿ ಡಾಕ್ಟರ ಬಳಿಗೆ ಕರೆದೊಯ್ದ.

ಡಾಕ್ಟರು ನಾಲಿಗೆ ಚಾಚಿಸಿ ಟಾರ್ಚು ಬಿಟ್ಟು ನೋಡಿದರು. "ಚೆನ್ನಾಗಿದೆಯಲ್ಲ? ಏನು ತೊಂದರೆ?"

"ಅದೇ ತೊಂದರೆ ಮೇಡಂ. ಮೊದಲಿನ ಹಾಗೆ ಕಪ್ಪಾಗಬೇಕು."

ಅವರು ಟಾರ್ಚು ಆರಿಸಿ ಕುಳಿತರು. "ಬೀಡಿ ಸೇದುತ್ತಿದ್ದಿರಾ?" ಇಲ್ಲ. "ಹೊಗೆಸೊಪ್ಪು?" ಇಲ್ಲ. "ಕಬ್ಬಿಣದ ಮಾತ್ರೆ, ಟಾನಿಕ್ಕು? ತುಂಬಾ ದಿನ ಆ್ಯಂಟಿಬಯಾಟಿಕ್ಕು? ದಿನಕ್ಕೆ ಹತ್ತು ಸಲ ಡಿಕಾಕ್ಷನ್ನು?" ಇಲ್ಲ, ಇಲ್ಲ, ಇಲ್ಲ. ಸದ್ಗುಣಗಳು ಇಷ್ಟೊಂದು ಇವೆಯೆಂದು ನನಗೇ ಗೊತ್ತಿರಲಿಲ್ಲ.

"ಕೆಲಸ ಏನು?"

"ಕಂಡಕ್ಟರು. ಟಿಕೆಟ್ ಹರಿಯೋದು." ಹೇಗೆ ಎಂದು ತೋರಿಸಲು ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಗಾಳಿಯಲ್ಲಿ ಒಂದು ಟಿಕೆಟ್ ಹರಿದೆ. ಮತ್ತೆ ನಾಲಿಗೆ, ಮತ್ತೆ ಟಿಕೆಟ್ಟು. ಮೂರನೆಯ ಸಲ ಬೆರಳು ಅರ್ಧದಲ್ಲೇ ನಿಂತಿತು. ಡಾಕ್ಟರು ನನ್ನನ್ನು ನೋಡಿದರು. ನಾನು ಬೆರಳನ್ನು ನೋಡಿದೆ. ಹಳೆಯ ಟಿಕೆಟ್ಟಿನ ನೀಲಿ ಶಾಯಿ! ಮೂವತ್ತು ವರ್ಷ ನಾಲಿಗೆಗೆ ಹತ್ತಿ ಹತ್ತಿ ಕಪ್ಪಾಗಿದ್ದದ್ದು ಅದೇ.

"ನಿಮ್ಮ ಕಾಯಿಲೆ ವಾಸಿಯಾಗಿದೆ" ಎಂದರು ಡಾಕ್ಟರು. "ದಿನವೂ ಹಲ್ಲಿನ ಜೊತೆ ನಾಲಿಗೆಯನ್ನೂ ಉಜ್ಜಿ. ನೀರು ಚೆನ್ನಾಗಿ ಕುಡಿಯಿರಿ. ಬಾಯಿ ತೆರೆದು ಮಲಗಿದರೆ ಒಣಗಿ ಬೆಳ್ಳಗೆ ಪೊರೆ ಕಟ್ಟುತ್ತದೆ, ನೋಡಿಕೊಳ್ಳಿ."

ಹೊರಗೆ ಬಂದ ಮೇಲೆ ಡ್ರೈವರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ಭಾಯ್, ಪ್ಯಾಸೆಂಜರು ಒಂದು ಸಲ ಟಿಕೆಟ್ ತಗೊಂಡು ಪಾವಗಡಕ್ಕೆ ಹೋಗ್ತಾನೆ. ನೀನು ಮೂವತ್ತು ವರ್ಷ ಟಿಕೆಟ್ ನೆಕ್ಕಿ ನೆಕ್ಕಿ ಹೋಗಿದ್ದೀಯ!"

೫. ನಾಲಿಗೆಯ ಮೇಲೆ ನಾಲ್ಕು ತಾಲ್ಲೂಕು

ಶುಕ್ರವಾರಕ್ಕೆ ಮೂರು ದಿನ. ಹಳೆಯ ಟಿಕೆಟ್ ಕಟ್ಟುಗಳನ್ನು ಹುಡುಕಿದೆ. ಇಲಿಗಳು ನನಗಿಂತ ಮೊದಲೇ ಪ್ರಯಾಣ ಮುಗಿಸಿದ್ದವು. ಹುಲಿಕುಂಟೆಯಿಂದ ಬರುವ ಹಣ್ಣಿನಾಕೆಯಿಂದ ಒಂದು ಬುಟ್ಟಿ ನೇರಳೆ ತೆಗೆದುಕೊಂಡು ತಿಂದೆ. ನಾಲಿಗೆ ಸೊಗಸಾಗಿ ನೇರಳೆಯಾಯಿತು, ಮಧ್ಯಾಹ್ನ ಮಜ್ಜಿಗೆ ಕುಡಿದೊಡನೆ ಮುಕ್ಕಾಲು ಹೋಯಿತು. ಎಲೆ ಅಡಿಕೆ ಹಾಕಿದೆ, ಕೆಂಪಾಯಿತು. ಬಸುರಿ ಸೊಸೆಯ ಕಬ್ಬಿಣದ ಟಾನಿಕ್ಕಿಗೆ ಕೈ ಹಾಕಿದಾಗ ಹೆಂಡತಿ ಸೌಟು ತೋರಿಸಿದಳು. ಅವಳು ಬರುವ ಮೊದಲೇ ಒಂದು ಗುಟುಕು ಇಳಿದಿತ್ತು.

ಗುರುವಾರ ಬಸ್ಸು ಪಾವಗಡದ ಕಡೆ ಹೋಗುತ್ತಿತ್ತು. ಬಯಲಿನುದ್ದಕ್ಕೂ ಹಾಸಿದ ಸೋಲಾರ್ ಹಲಗೆಗಳು ಬಿಸಿಲಿಗೆ ಕಡಲಿನ ಹಾಗೆ ತುಳುಕುತ್ತಿದ್ದವು. ಅದರ ಮೇಲೆ ಹಾಯಿದೋಣಿಗಳು ತೇಲುವುದನ್ನು ಕಣ್ಣಾರೆ ನೋಡುತ್ತಾ ನಾನು ಬಾಯಿ ತೆರೆದು ನಿಂತಿದ್ದೆ. ಎದುರು ಸೀಟಿನ ಪಾವಗಡದ ಹೆಂಗಸು ಬಗ್ಗಿ ನೋಡಿದಳು.

"ಏಮಯ್ಯಾ ಕಂಡಕ್ಟ್ರೂ, ನಾಲ್ಗೆ ಮ್ಯಾಲೆ ಮುಗ್ಗು ಯಾರು ಹಾಕಿದ್ದು?"

ಮುಗ್ಗು ಎಂದರೆ ಅವರ ಕಡೆಯ ತೆಲುಗಿನಲ್ಲಿ ರಂಗೋಲಿ. ನಾನು ಬಿಟ್ಟುಕೊಡುವವನೇ? "ಇದು ನಕ್ಷೆ ಕಣಮ್ಮ. ನೇರಳೆ ಬಣ್ಣ ಶಿರಾ, ಕೆಂಪು ಮಧುಗಿರಿ, ಅಂಚಿನ ಕಪ್ಪು ಕೊರಟಗೆರೆ."

"ಮಾ ಪಾವಗಡ ಎಕ್ಕಡ?"

"ಗಂಟಲೊಳಗೆ. ರಸ್ತೆ ಸರಿಯಿಲ್ಲ, ಇನ್ನೂ ಬಂದಿಲ್ಲ."

೬. ಹೊಸ ಬಸ್ಸಿನ ಪೂಜೆ

ಆ ರಾತ್ರಿ ಚಿಂತೆಯಲ್ಲಿ ಬಾಯಿ ತೆರೆದೇ ಮಲಗಿದ್ದೆ. ಎದ್ದು ನೋಡಿದರೆ ಡಾಕ್ಟರು ಹೇಳಿದ ಹಾಗೆಯೇ ಆಗಿತ್ತು. ಹಿಂದಿನ ದಿನದ ಬಣ್ಣವೆಲ್ಲ ಮಾಯ. ನಾಲಿಗೆ ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳ್ಳಗೆ. ಪೂಜೆಗೆ ಹೋದರೆ ಹೊಸ ಬಸ್ಸು ಸೇವಂತಿಗೆ ಹಾರ ಹಾಕಿಕೊಂಡು ನಿಂತಿತ್ತು, ಸುತ್ತ ಜನ.

"ತೋರ್ಸಪ್ಪ" ಎಂದರು ಸಾಹುಕಾರರು.

ತೋರಿಸಿದೆ. ಗಂಟೆ ಬಾರಿಸುತ್ತಿದ್ದ ಪೂಜಾರಿಯ ಕೈ ನಿಂತಿತು. ಗೋಡೌನಿನ ಕತ್ತಲೆ ಕಣ್ಣ ಮುಂದೆ ಬಂತು. ಗಾಬರಿಯಲ್ಲಿ ಒಂದೇ ಉಸಿರಿಗೆ, "ಈ ಗಾಡಿ ನೂರು ವರ್ಷ ಓಡುತ್ತೆ!" ಎಂದೆ.

ಡ್ರೈವರು ಕೀಲಿ ತಿರುಗಿಸಿದ. ಬಸ್ಸು ಕಮಕ್ ಕಿಮಕ್ ಎನ್ನಲಿಲ್ಲ. ಮತ್ತೆ ತಿರುಗಿಸಿದ. ಇಲ್ಲ.

ಸಾಹುಕಾರರ ಮುಖ ಕುಂಬಳಕಾಯಿಯಷ್ಟಾಯಿತು. ಡ್ರೈವರು ಇಳಿದು ಬಂದ, ಬ್ಯಾಟರಿಯ ಕಡೆ ಒಮ್ಮೆ ನೋಡಿದ, ನನ್ನ ಕಡೆ ಒಮ್ಮೆ ನೋಡಿದ. "ಸಾಹುಕಾರ್ರೇ, ಇದರಲ್ಲಿ ಕಂಡಕ್ಟರ್ ತಪ್ಪೇನಿದೆ? ಕಪ್ಪು ಇದ್ದಾಗ ಅಂದಿದ್ದು ಆಗ್ತಿತ್ತು. ಈಗ ಬಿಳಿ. ಬಿಳಿ ಅಂದ್ರೆ ಉಲ್ಟಾ. ಕೆಟ್ಟ ಮಾತು ಆಡ್ಸಿ, ನೋಡೋಣ!" ಎಂದು ಬಾನೆಟ್ಟಿನೊಳಗೆ ತಲೆ ತೂರಿಸಿದ.

ಸಾಹುಕಾರರು ಕೈ ಮುಗಿದರು. "ಅಂದ್ಬುಡಪ್ಪ!"

"ಈ ದರಿದ್ರದ ಗಾಡಿ ಗೇಟು ದಾಟಲ್ಲ! ತುಕ್ಕು ಹಿಡಿದು ಹೋಗುತ್ತೆ!" ಎಂದು ಕೂಗಿದೆ. ಡ್ರೈವರು ಸಡಿಲವಾಗಿದ್ದ ವೈರನ್ನು ಬಿಗಿದು ಸೀಟಿಗೆ ಹತ್ತಿದ. ಬಸ್ಸು ಸಿಂಹದ ಹಾಗೆ ಗುಡುಗಿತು. ಜನ ಚಪ್ಪಾಳೆ ತಟ್ಟಿದರು. ಸಾಹುಕಾರರು ಟಿಕೆಟ್ ಮಿಷನ್ನನ್ನು ತಾವೇ ನನ್ನ ಕೊರಳಿಗೆ ಹಾಕಿದರು.

ಅಂದಿನಿಂದ ದಿನಾ ಬೆಳಿಗ್ಗೆ ಬಸ್ಸಿನ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಶಾಪ ಹಾಕುತ್ತೇನೆ. ಪರೀಕ್ಷೆಗೆ ಹೋಗುವ ಹುಡುಗಿಯರು, "ಮಾವ, ಫೇಲಾಗ್ತೀಯ ಅನ್ನಿ" ಎಂದು ಸಾಲು ನಿಲ್ಲುತ್ತಾರೆ. ಹೊಸ ಅಂಗಡಿ ಇಟ್ಟವರು ಮನೆಗೇ ಬಂದು ಬೈಸಿಕೊಂಡು ಹೋಗುತ್ತಾರೆ.

ಮೊನ್ನೆ ಸಂಜೆ ಜಗಲಿಯಲ್ಲಿ ಕೂತಿದ್ದೆ. ಕೋಟೆ ಬೆಟ್ಟ ನಿಧಾನವಾಗಿ ನೀಲಿಗೆ ತಿರುಗುತ್ತಿತ್ತು, ಅದನ್ನೂ ಯಾರೋ ಹಗ್ಗ ಕಟ್ಟಿ ಮೋಡದ ಕಡೆ ಎಳೆದುಕೊಂಡು ಹೋಗುತ್ತಿರುವ ಹಾಗಿತ್ತು. ಪಕ್ಕದಲ್ಲಿ ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದಳು. ಎಂದೂ ಇಲ್ಲದ ಪ್ರೀತಿ ಉಕ್ಕಿತು. "ನಾವಿಬ್ಬರೂ ನೂರು ವರ್ಷ ಹಿಂಗೇ ಜೊತೆಯಾಗಿ ಇರ್ತೀವಿ ಕಣೇ" ಎಂದೆ.

ಅವರೆಕಾಯಿಯ ಮೊರ ಅಂಗಳಕ್ಕೆ ಹಾರಿತು. ಅವಳು ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿದಳು. "ಬಿಡ್ತು ಅನ್ನಿ! ಏನು ಮಾತಾಡಿಬುಟ್ರಿ! ಮುತ್ತೈದೆ ಸಾವು ಬೇಡ್ಕಂಡಿರೋಳು ನಾನು. ಮೊದ್ಲು ಅದನ್ನ ತಿರುಗ್ಸಿ!"

ನಾನು ಬೆಪ್ಪಾಗಿ, "ಆಯ್ತು ಮಾರಾಯ್ತಿ. ನಾಳೆ ಬೆಳಿಗ್ಗೆನೇ ಸಾಯ್ತೀನಿ" ಎಂದೆ.

ಅವಳು ಉಸಿರು ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಹನ್ನೆರಡು ವರ್ಷದಿಂದ ಕಾಣದ ನಗೆ ನಕ್ಕಳು. "ನಿಮ್ ಬಾಯಿಗೆ ಸಕ್ಕರೆ ಹಾಕ! ಏಳಿ, ಊಟಕ್ಕೆ."