ಎರಡೂವರೆ ಸೆಕೆಂಡಿನ ಮೌನ

ಜೋಸಿಯಾನ್: ಎರಡೂವರೆ ಸೆಕೆಂಡು ಕಣೋ! ಎರಡೂವರೆ ಸೆಕೆಂಡಲ್ಲಿ ಒಂದು ಮಗು ಏನೇನು ಮಾಡಬಹುದು ಅಂತ ಯೋಚನೆ ಮಾಡಿದೀಯಾ?

ಲುದೋವಿಕ್: ಮಾಡಿದೀನಿ. ಒಂದು ಸಲ ಆಕಳಿಸಬಹುದು. ಪೂರ್ತಿ ಆಕಳಿಸೋಕೂ ಸಾಲಲ್ಲ, ಬಾಯಿ ತೆರೀಬಹುದು ಅಷ್ಟೆ.

ಜೋಸಿಯಾನ್: ನಿನಗೆ ತಮಾಷೆ.

ಲುದೋವಿಕ್: ಜೋಸಿ, ಬಾಗಿಲು ತೆಗೆದೇ ಇದೆ. ಇಲ್ಲಿ ಕೂತ್ರೆ ಅವಳ ಕಾಲು ಕಾಣತ್ತೆ. ಎದ್ದು ನಾಲ್ಕು ಹೆಜ್ಜೆ ಹಾಕಿದ್ರೆ ತಲೇನೂ ಕಾಣತ್ತೆ.

ಜೋಸಿಯಾನ್: ಕಾಲು ಕಂಡ್ರೆ ಏನು ಗೊತ್ತಾಗತ್ತೆ? ಯಾವ ಕ್ಷಣದಲ್ಲಿ ಏನು ನಡೀತು ಅಂತ ಕಾಲು ಬರೆದಿಡತ್ತಾ?

ಹನ್ನೊಂದು ದಿನಗಳಿಂದ ಈ ಚಿಂತೆ ಜೋಸಿಯಾನ್ ಗಾರ್ನೋಳನ್ನು ಬಿಟ್ಟಿರಲಿಲ್ಲ. ಹಲ್ಲುಜ್ಜುವಾಗ, ಮಗುವಿಗೆ ಗೆಡ್ಡೆಕೋಸು ಬೇಯಿಸುವಾಗ, ಕಡೆಗೆ ನಗುವಾಗಲೂ ಒಳಗೊಳಗೇ ಕೊರೆಯುತ್ತಿತ್ತು. ಹತ್ತು ತಿಂಗಳ ಮಗಳು ಫ್ಲಾವಿಯ ತೊಟ್ಟಿಲಿನ ತಲೆಕಡೆಗೆ ಅವಳೇ ಒಂದು ಪುಟ್ಟ ಯಂತ್ರ ಕಟ್ಟಿ ತೂಗುಹಾಕಿದ್ದಳು. ಮಗುವಿನ ಸದ್ದೆಲ್ಲ ಅದರ ಮೈಕಿನಿಂದ ಅಡುಗೆಮನೆಯ ಸ್ಪೀಕರಿಗೆ ಬರಬೇಕು. ಅಂಗಡಿಯಲ್ಲಿ ಸಿಗುವುದನ್ನು ಅವಳು ನಂಬಲಿಲ್ಲ. ಒಳಗೆ ಏನಿದೆಯೋ ಯಾರು ಕಂಡವರು? ಅವಳ ಯಂತ್ರವಾದರೋ ಒಂಬತ್ತು ತಿಂಗಳು ಚೆನ್ನಾಗಿಯೇ ನಡೆದು, ಈಗ ಒಂಬತ್ತು ನಿಮಿಷಕ್ಕೊಮ್ಮೆ ಎರಡೂವರೆ ಸೆಕೆಂಡು ಮೂಕವಾಗಲು ತೊಡಗಿತ್ತು.

ಬೇರೆ ತಾಯಂದಿರಾಗಿದ್ದರೆ ಗಮನಿಸುತ್ತಲೇ ಇರಲಿಲ್ಲವೇನೋ. ಆದರೆ ಮಾಂಟ್ರಿಯಲ್ ನಗರದಲ್ಲಿ ಜೋಸಿಯಾನಳ ಕಸುಬೇ ಅದು: ಕಂಪ್ಯೂಟರಿನ ಒಡಲಲ್ಲಿ ಕುಳಿತು ಯಾರಿಗೆ ಯಾವಾಗ ಸರದಿ ಎಂದು ತೀರ್ಮಾನಿಸುವ ಕರ್ನಲ್ ಎಂಬ ಯಜಮಾನನ ಬೆನ್ನಿಗೆ ಬಿದ್ದು, ಅವನು ಯಾವ ಕ್ಷಣ ಯಾರನ್ನು ಎಬ್ಬಿಸಿದ, ಯಾರನ್ನು ಮಲಗಿಸಿದ ಎಂದು ಒಂದೂ ಬಿಡದೆ ಬರೆದಿಡುವ ಸಾಧನ ಕಟ್ಟುವುದು. ಹಾಗೆ ಬರೆದಿಟ್ಟದ್ದಕ್ಕೆ ಆ ಕಸುಬಿನವರು ಟ್ರೇಸ್ ಎನ್ನುತ್ತಾರೆ.

ಹೆರಿಗೆ ರಜೆ ಮುಗಿದಿತ್ತು. ಸೋಮವಾರ ಕೆಲಸಕ್ಕೆ ಹೋಗಬೇಕು. ಇವತ್ತು ಶುಕ್ರವಾರ. ಸಂಜೆ ನಾಲ್ಕರೊಳಗೆ, ಮನೆಯಲ್ಲೇ ಶಿಶುವಿಹಾರ ನಡೆಸುವ ಮದಾಂ ಬೆರ್ಜೆರೋನ್‌ಗೆ ಫೋನ್ ಮಾಡಿ "ಮಗುವನ್ನು ಕಳಿಸುತ್ತೇವೆ" ಎಂದು ಹೇಳದಿದ್ದರೆ ಆ ಜಾಗ ಕಾಯುವವರ ಪಟ್ಟಿಯಲ್ಲಿ ಮುಂದಿನ ಮಗುವಿಗೆ. ಗಡಿಯಾರ ಮೂರು ಗಂಟೆ ಎಂದು ತೋರಿಸುತ್ತಿತ್ತು.

ಲುದೋವಿಕ್: ಫೋನ್ ಮಾಡು.

ಜೋಸಿಯಾನ್: ಮಾಡ್ತೀನಿ. ಇದೊಂದು ಬಗೆಹರಿಸಿ ಮಾಡ್ತೀನಿ.

ಲುದೋವಿಕ್: ಆ ಪಟ್ಟಿಗೆ ಹೆಸರು ಯಾವಾಗ ಬರೆಸಿದ್ವಿ, ನೆನಪಿದೆಯಾ? ನೀನು ಬಸುರಿ ಅಂತ ಇನ್ನೂ ನಮ್ಮಮ್ಮನಿಗೇ ಹೇಳಿರಲಿಲ್ಲ, ಮದಾಂ ಬೆರ್ಜೆರೋನ್‌ಗೆ ಹೇಳಿದ್ವಿ. ಅಮ್ಮ ಈಗ್ಲೂ ಅದನ್ನ ಎತ್ತಿ ಆಡ್ತಾಳೆ.

ಜೋಸಿಯಾನ್: ನನ್ನ ಕಣ್ಣೆದುರಿಗೇ ಎರಡೂವರೆ ಸೆಕೆಂಡು ಮಗು ಕಾಣೆಯಾಗ್ತಿದೆ. ಇನ್ನು ದಿನಕ್ಕೆ ಒಂಬತ್ತು ಗಂಟೆ ಬೇರೆಯವರ ಮನೇಲಿ ಬಿಡೋದಾ? ಎಷ್ಟು ಎರಡೂವರೆ ಆಗತ್ತೆ ಲೆಕ್ಕ ಹಾಕು.

ಲುದೋವಿಕ್: ಮಗು ಕಾಣೆಯಾಗ್ತಿಲ್ಲ ಮಾರಾಯ್ತಿ, ಸದ್ದು ಕಾಣೆಯಾಗ್ತಿದೆ!

ಜೋಸಿಯಾನ್: ಅದನ್ನ ಯಾರು ಪಕ್ಕಾ ಮಾಡಿದಾರೆ? ಹೋಗು, ತೊಟ್ಟಿಲ ಹತ್ತಿರ ನಿಂತ್ಕೊಂಡು ಮೆಲ್ಲಗೆ ಒಂದರಿಂದ ಇಪ್ಪತ್ತು ಎಣಿಸು.

ಲುದೋವಿಕ್ ಪಿಯಾನೋಗಳ ಶ್ರುತಿ ಸರಿಮಾಡುವವನು. ಒಂದೇ ತಂತಿಯ ಮುಂದೆ ಅರ್ಧ ಗಂಟೆ ಕಿವಿಗೊಟ್ಟು ಕೂರುವ ತಾಳ್ಮೆ ಅವನಿಗಿತ್ತು. ಅದೇ ತಾಳ್ಮೆಯಿಂದ ಕಾಲುಚೀಲದಲ್ಲೇ ಸದ್ದಿಲ್ಲದೆ ನಡೆದುಹೋಗಿ, ಎಣಿಸಿ, ಮರಳಿ ಬಂದ.

ಲುದೋವಿಕ್: ಆಯ್ತಾ?

ಜೋಸಿಯಾನ್: ಆರು, ಏಳು ಎಲ್ಲಿ?

ಲುದೋವಿಕ್: ಏನು?

ಜೋಸಿಯಾನ್: ಐದು ಅಂದೆ. ಆಮೇಲೆ ನೇರವಾಗಿ ಎಂಟು ಅಂದೆ.

ಲುದೋವಿಕ್: ನಾನು ಎಲ್ಲಾ ಹೇಳಿದೆ ಕಣೇ!

ಜೋಸಿಯಾನ್: ಸಾಕ್ಷಿ?

ಲುದೋವಿಕ್: ಸಾಕ್ಷಿ ಅಂದ್ರೆ? ನಿನ್ನ ಮಗಳಿದ್ಲು ಅಲ್ಲಿ.

ಜೋಸಿಯಾನ್: ಅವಳು ನಿದ್ದೆ ಮಾಡ್ತಿದ್ಲು.

ಲುದೋವಿಕ್: ನೋಡು, ನಿದ್ದೆ ಮಾಡ್ತಿದ್ಲು ಅಂತ ನೀನೇ ಒಪ್ಕೊಂಡೆ! ಇನ್ನೇನು ಬೇಕು? ಫೋನ್ ಮಾಡು.

ಜೋಸಿಯಾನ್ ಫೋನ್ ಮಾಡಲಿಲ್ಲ. ಲ್ಯಾಪ್‌ಟಾಪ್ ಎಳೆದುಕೊಂಡು ತೊಟ್ಟಿಲ ಯಂತ್ರದ ಒಳಕ್ಕೆ ಹೊಕ್ಕಳು. ಪರದೆಯ ಮೇಲೆ ಸಾಲುಗಳು ಇರುವೆಗಳಂತೆ ಹರಿಯತೊಡಗಿದವು. ಕೆಲಸದ ಭಾಷೆ ಕಣ್ಣಿಗೆ ಬಿದ್ದದ್ದೇ ಅವಳ ಉಸಿರು ಸ್ವಲ್ಪ ಹಗುರಾಯಿತು.

ಲುದೋವಿಕ್: ಏನಂತೆ?

ಜೋಸಿಯಾನ್: ಪ್ರೊಸೆಸರ್ ಎದ್ದಿದೆ. ಕೆಲಸ ಇದೆಯಾ ಅಂತ ನೋಡಿದೆ. ಇಲ್ಲ. ಮತ್ತೆ ಮಲಗಿದೆ. ಮತ್ತೆ ಎದ್ದಿದೆ. ಕೆಲಸ ಇಲ್ಲ. ಮಲಗಿದೆ.

ಲುದೋವಿಕ್: ನಮ್ಮ ಚಿಕ್ಕಪ್ಪ ಗಾಸ್ತೋನ್ ನಿವೃತ್ತಿ ಆದ ಮೇಲೆ ಹೀಗೇ ಇದಾರೆ. ಅವರಿಗೆ ಯಾರೂ ಟ್ರೇಸ್ ಹಾಕಿಲ್ಲ.

ಜೋಸಿಯಾನ್: ಸುಮ್ನಿರು. ಇದರಲ್ಲಿ ಏನೂ ಸಿಗ್ತಿಲ್ಲ. ಎಲ್ಲಾ ಘಟನೆಗಳನ್ನೂ ಬರ್ಕೊಳೋಕೆ ಹೇಳ್ತೀನಿ. ಒಂದೂ ಬಿಡಬಾರದು.

ಲುದೋವಿಕ್: ಎಲ್ಲಾ ಅಂದ್ರೆ?

ಜೋಸಿಯಾನ್: ಯಾರು ಎದ್ದರು, ಯಾರು ಮಲಗಿದರು, ಯಾರು ಯಾರಿಗೋಸ್ಕರ ಕಾದರು, ಯಾರು ಬಾಗಿಲು ತಟ್ಟಿದರು, ಎಲ್ಲ. ನಿಮಿಷಕ್ಕೆ ಮೂರು ಲಕ್ಷ ಬರಬಹುದು.

ಅವಳು ಗುಂಡಿ ಒತ್ತಿದಳು. ಅದೇ ಹೊತ್ತಿಗೆ ಬೀದಿಯಲ್ಲಿ ಹಿಮ ಎತ್ತುವ ಲಾರಿಗಳು ಬರುವ ಮುನ್ನ ಕೂಗಿಸುವ ಸೈರನ್ ಮೊಳಗಿತು. ಆ ಕೂಗಿಗೆ ಕೇರಿಯವರೆಲ್ಲ ಬೂಟು ಮೆಟ್ಟಿ ಕಾರು ತೆಗೆಯಲು ಓಡುತ್ತಾರೆ. ಫ್ಲಾವಿ ಮಾತ್ರ ಮಗ್ಗುಲು ಕೂಡ ಬದಲಿಸಲಿಲ್ಲ.

ಲುದೋವಿಕ್: ಕಾರು!

ಜೋಸಿಯಾನ್: ಕೂತ್ಕೋ!

ಲುದೋವಿಕ್: ಎಳ್ಕೊಂಡು ಹೋಗ್ತಾರೆ ಕಣೇ!

ಜೋಸಿಯಾನ್: ಇಷ್ಟು ಒಳ್ಳೆ ಅಳತೆಗೋಲು ಮತ್ತೆ ಸಿಗಲ್ಲ. ಕಿಟಕೀಲಿ ಒಂದು ಕಿವಿ ಇಡು, ಸ್ಪೀಕರಿಗೆ ಒಂದು ಕಿವಿ ಇಡು. ಬೀದೀಲಿ ಸೈರನ್ ಕೂಗ್ತಿದ್ದು, ಸ್ಪೀಕರಲ್ಲಿ ನಿಂತರೆ ತಕ್ಷಣ ಕೈ ಎತ್ತು. ನಿನ್ನ ಕಿವಿಯಂಥ ಕಿವಿ ಈ ಊರಲ್ಲಿ ಯಾರಿಗಿದೆ ಹೇಳು.

ಹೊಗಳಿಕೆಗೆ ಲುದೋವಿಕ್ ಬಗ್ಗಿದ. ಒಂದು ಕಾಲಿಗೆ ಬೂಟು ಹಾಕಿಕೊಂಡೇ ಕಿಟಕಿಗೂ ಮೇಜಿಗೂ ನಡುವೆ ಕೊಕ್ಕರೆಯ ಹಾಗೆ ನಿಂತ. ಕೈ ಎತ್ತಿದ. ಇಳಿಸಲೇ ಇಲ್ಲ.

ಜೋಸಿಯಾನ್: ಕೈ ಇಳಿಸೋ.

ಲುದೋವಿಕ್: ಸ್ಪೀಕರಲ್ಲಿ ಇನ್ನೂ ಸದ್ದಿಲ್ಲ.

ಜೋಸಿಯಾನ್: ಒಂಬತ್ತು ಸೆಕೆಂಡಾಯ್ತು! ದೇವರೇ! ಕಾಯಿಲೆ ಉಲ್ಬಣಿಸಿದೆ!

ಲುದೋವಿಕ್: ಈಗ ಬಂತು... ಅಯ್ಯೋ, ಮತ್ತೆ ಹೋಯ್ತು. ಜೋಸಿ, ನೀನು ಜಾಸ್ತಿ ನೋಡೋಕೆ ಶುರು ಮಾಡಿದ ಮೇಲೇ ಇದು ಜಾಸ್ತಿ ಆಯ್ತಲ್ವಾ?

ಜೋಸಿಯಾನ್: ನೋಡಿದ್ರೆ ರಚ್ಚೆ ಹಿಡಿಯೋಕೆ ಇದೇನು ಮಗೂನಾ? ಯಂತ್ರ! ತಾಳು, ಬರ್ಕೊಳೋನು ನಿಧಾನ ಆಗಿದಾನಾ ಅಂತ ನೋಡ್ತೀನಿ. ಬರ್ಕೊಳೋನ ಮೇಲೆ ಇನ್ನೊಬ್ಬನನ್ನ ಬರ್ಕೊಳೋಕೆ ಹಾಕ್ತೀನಿ.

ಲುದೋವಿಕ್: ಆ ಇನ್ನೊಬ್ಬ ಏನು ಮಾಡ್ತಾನೆ ಅಂತ ಯಾರು ಬರ್ಕೊತಾರೆ?

ಜೋಸಿಯಾನ್: ನಾನೂ ಅದನ್ನೇ ಯೋಚಿಸ್ತಿದೀನಿ.

ಲುದೋವಿಕ್: ನಮ್ಮ ಕಾರು ಹೊರಟಿತು.

ಜೋಸಿಯಾನ್: ಯಾರು ಓಡಿಸ್ತಿದಾರೆ?

ಲುದೋವಿಕ್: ಯಾರೂ ಇಲ್ಲ. ಮೂತಿ ಎತ್ತಿ ಲಾರಿಗೆ ಕಟ್ಟಿದಾರೆ.

ಜೋಸಿಯಾನ್: ಎಷ್ಟು ಗಂಟೆಗೆ ಅಂತ ಬರ್ಕೋ.

ಲುದೋವಿಕ್ ಗಡಿಯಾರ ನೋಡಿದ. ಮೂರೂ ನಲವತ್ತು. ಎಳೆದೊಯ್ದ ಕಾರನ್ನು ಹತ್ತಿರದ ಯಾವುದಾದರೂ ಬೀದಿಯಲ್ಲೇ ಬಿಟ್ಟುಹೋಗುತ್ತಾರೆ, ಹುಡುಕಿದರೆ ಸಿಕ್ಕೀತು. ಶಿಶುವಿಹಾರದ ಜಾಗ ಯಾವ ಬೀದಿಯಲ್ಲೂ ಸಿಗುವುದಿಲ್ಲ. ಬೂಟು ಕಿತ್ತೆಸೆದು, ಫೋನನ್ನು ತಂದು ಹೆಂಡತಿಯ ಎದುರಿಗಿಟ್ಟ. ಅವಳು ತಲೆ ಎತ್ತಲಿಲ್ಲ. ಮುಖ ಕೆಂಪೇರುತ್ತಿತ್ತು.

ಜೋಸಿಯಾನ್: ಸಿಕ್ಕಿದ!

ಲುದೋವಿಕ್: ಯಾರು?

ಜೋಸಿಯಾನ್: ಕಳ್ಳ! ನೋಡಿಲ್ಲಿ. ಯಾರೋ ಒಬ್ಬ ತಿಳಿಗೇಡಿ ಈ ಯಂತ್ರದಲ್ಲಿ ಮೊದಲೇ ಒಂದು ಟ್ರೇಸ್ ಶುರು ಮಾಡಿ ಹಾಗೇ ಬಿಟ್ಟು ಹೋಗಿದಾನೆ. ನಾನು ಇವತ್ತು ಹಾಕಿದ್ದಲ್ಲ, ಇನ್ನೊಂದು. ಅದು ಬರ್ಕೊಂಡೂ ಬರ್ಕೊಂಡೂ ಒಂಬತ್ತು ನಿಮಿಷಕ್ಕೆ ಬಫರ್ ಅನ್ನೋ ಬುಟ್ಟಿ ತುಂಬತ್ತೆ. ತುಂಬಿದ್ದನ್ನೆಲ್ಲ ಎತ್ತಿ ಮೆಮೊರಿ ಕಾರ್ಡಿಗೆ ಸುರಿಯತ್ತೆ. ಸುರಿಯೋವರೆಗೂ ಪಾಪ, ಮಗುವಿನ ಸದ್ದು ಬಾಗಿಲಲ್ಲಿ ಸರದಿಗೆ ಕಾಯತ್ತೆ. ಅದೇ ಎರಡೂವರೆ ಸೆಕೆಂಡು! ಇವತ್ತು ನಾನು ಎಲ್ಲಾ ಬರ್ಕೋ ಅಂದಿದ್ದಕ್ಕೆ ಒಂಬತ್ತಾಯ್ತು.

ಲುದೋವಿಕ್: ಅಂದ್ರೆ ಸದ್ದು ಯಾಕೆ ನಿಲ್ಲತ್ತೆ ಅಂತ ನೋಡೋದ್ರಿಂದಲೇ...

ಜೋಸಿಯಾನ್: ಟ್ರೇಸ್ ಹಾಕಿ ತೆಗೆಯೋಕೆ ಮರೆಯೋದಾ! ನಮ್ಮ ಕಸುಬಲ್ಲಿ ಇದಕ್ಕಿಂತ ಅಸಹ್ಯ ಇಲ್ಲ. ಹೊಸದಾಗಿ ಸೇರಿದ ಹುಡುಗರೂ ಮಾಡಲ್ಲ. ಆಫೀಸಲ್ಲಿ ಯಾರಾದ್ರೂ ಮಾಡಿದ್ರೆ ಎಲ್ಲರಿಗೂ ಮೇಲ್ ಹಾಕಿ ಮಾನ ಕಳೀತಿದ್ದೆ.

ಲುದೋವಿಕ್: ಯಾವತ್ತು ಶುರುವಾಗಿದ್ದು ಅಂತ ಇದೆ?

ಜೋಸಿಯಾನ್: ಹನ್ನೊಂದು ದಿನದ ಹಿಂದೆ. ಸೋಮವಾರ, ಮಧ್ಯಾಹ್ನ ಎರಡೂ ಹತ್ತು.

ಲುದೋವಿಕ್: ಯಾರ ಹೆಸರಲ್ಲಿದೆ?

ಜೋಸಿಯಾನ್ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಜೋಸಿಯಾನ್: ...ಗಾರ್ನೋ.

ಲುದೋವಿಕ್: ಫ್ಲಾವಿ ಗಾರ್ನೋ ಇರಬೇಕು. ಈಗಿನ ಮಕ್ಕಳು ಚುರುಕು.

ಜೋಸಿಯಾನ್: ನಾನೇ ಕಣೋ.

ಲುದೋವಿಕ್: ಯಾಕೆ ಹಾಕಿದ್ದೆ?

ಜೋಸಿಯಾನ್: ಎಲ್ಲಾದ್ರೂ ಸದ್ದು ನಿಲ್ಲತ್ತಾ ಅಂತ ನೋಡೋಣ ಅಂತ.

ಲುದೋವಿಕ್: ಆಗ ನಿಲ್ತಿತ್ತಾ?

ಜೋಸಿಯಾನ್: ಇಲ್ಲ.

ಲುದೋವಿಕ್: ಒಂಬತ್ತು ತಿಂಗಳು ಚೆನ್ನಾಗಿತ್ತು.

ಜೋಸಿಯಾನ್: ಅದೇ! ಒಂಬತ್ತು ತಿಂಗಳಿಂದ ಏನೂ ಕೆಡದೇ ಇದ್ರೆ ಭಯ ಆಗಲ್ವಾ ಮನುಷ್ಯರಿಗೆ?

ಆ ಸೋಮವಾರ ಲುದೋವಿಕ್‌ಗೆ ನೆನಪಿತ್ತು.

ಲುದೋವಿಕ್: ಜೋಸಿ, ಅವತ್ತು ಊಟ ಆದಮೇಲೆ ಮದಾಂ ಬೆರ್ಜೆರೋನ್ ಫೋನ್ ಬಂದಿತ್ತು. ಜಾಗ ಖಾಲಿ ಆಗಿದೆ, ಕರ್ಕೊಂಡು ಬನ್ನಿ ಅಂತ. ನೀನು "ಸಂತೋಷ" ಅಂದು ಫೋನ್ ಇಟ್ಟು, ಲ್ಯಾಪ್‌ಟಾಪ್ ತಗೊಂಡು ಬಚ್ಚಲುಮನೆಗೆ ಹೋಗಿದ್ದೆ.

ಜೋಸಿಯಾನಳ ಕಣ್ಣು ಥಟ್ಟನೆ ತುಂಬಿತು. ತುಂಬಿದ ಕಣ್ಣಲ್ಲೇ ಪರದೆ ನೋಡುತ್ತ ಕುಳಿತಳು.

ಲುದೋವಿಕ್: ಸರಿ, ಈಗ ತೆಗಿ ಅದನ್ನ. ಎರಡನ್ನೂ ತೆಗಿ.

ಜೋಸಿಯಾನ್: ತೆಗೆದ್ರೆ, ಸದ್ದು ನಿಲ್ಲೋದು ನಿಂತಿದೆ ಅಂತ ಹೇಗೆ ಗೊತ್ತಾಗತ್ತೆ?

ಲುದೋವಿಕ್: ಕೇಳ್ಸತ್ತೆ!

ಜೋಸಿಯಾನ್: ಕೇಳ್ಸಿದ್ದು ದಾಖಲೆ ಅಲ್ಲ.

ಲುದೋವಿಕ್: ನಾನು ಹದಿನೈದು ವರ್ಷದಿಂದ ಕೇಳ್ಸಿದ್ದರ ಮೇಲೇ ಅನ್ನ ತಿಂತಿದೀನಿ ಮಾರಾಯ್ತಿ! ಪಿಯಾನೋ ಶ್ರುತಿ ಸೇರಿದ ಮೇಲೆ ಕೈ ತೆಗೀಬೇಕು. ತೆಗೀದೇ ಹಿಡ್ಕೊಂಡಿದ್ರೆ ತಂತಿ ನುಡಿಯೋದಾದ್ರೂ ಹೇಗೆ?

ಅವಳು ಬೆರಳನ್ನು ಗುಂಡಿಯ ಮೇಲಿಟ್ಟಳು, ತೆಗೆದಳು, ಇಟ್ಟಳು. ಒತ್ತಿದಳು. ಪರದೆಯ ಇರುವೆಸಾಲು ನಿಂತುಹೋಯಿತು. ಸ್ಪೀಕರಿನಿಂದ ಫ್ಲಾವಿಯ ಉಸಿರು, ಮೂಗು ಕಟ್ಟಿದ ಸಣ್ಣ ಗೊರಕೆ, ದೂರದ ಲಾರಿಯ ಗುರುಗುರು, ಎಲ್ಲ ಒಂದೇ ಎಳೆಯಾಗಿ ಬರತೊಡಗಿದವು.

ಜೋಸಿಯಾನ್: ಗಂಟೆ ಎಷ್ಟು?

ಲುದೋವಿಕ್: ಮೂರೂ ಐವತ್ತಮೂರು.

ಜೋಸಿಯಾನ್: ಒಂಬತ್ತು ನಿಮಿಷ ಕಾದು ನೋಡ್ತೀನಿ. ಸದ್ದು ನಿಲ್ಲದಿದ್ರೆ ಫೋನ್ ಮಾಡ್ತೀನಿ.

ಲುದೋವಿಕ್: ಮೂರೂ ಐವತ್ತಮೂರಕ್ಕೆ ಒಂಬತ್ತು ಸೇರಿಸು.

ಜೋಸಿಯಾನ್: ...ನಾಲ್ಕೂ ಎರಡು.

ಲುದೋವಿಕ್: ಆ ಹೊತ್ತಿಗೆ ನಮ್ಮ ಜಾಗದಲ್ಲಿ ಬೇರೆ ಮಗು ಕೂತು ನಮ್ಮ ಮಗಳ ಬಿಸ್ಕತ್ತು ತಿಂತಿರತ್ತೆ.

ಜೋಸಿಯಾನ್: ಪರೀಕ್ಷೆ ಮಾಡದೆ ಹೇಗೋ ಒಪ್ಪೋದು? ಜನ್ಮದಲ್ಲಿ ಪರೀಕ್ಷೆ ಮಾಡದ್ದನ್ನ ಒಪ್ಪಿಲ್ಲ ನಾನು.

ಲುದೋವಿಕ್: ನನ್ನನ್ನ?

ಜೋಸಿಯಾನ್: ನಿನ್ನನ್ನ ನಾಲ್ಕು ವರ್ಷ ಪರೀಕ್ಷೆ ಮಾಡಿದ್ದೆ.

ಲುದೋವಿಕ್: ಪಾಸಾಗಿದ್ನಾ?

ಜೋಸಿಯಾನ್: ಪರೀಕ್ಷೆ ಮುಗಿಯೋ ಮೊದಲೇ ಸಮಯ ಮೀರಿತ್ತು, ಅದಕ್ಕೇ ಮದುವೆ ಆದೆ.

ಅವಳ ಮಾತು ಅವಳಿಗೇ ಕೇಳಿಸಿದ ಹಾಗಿತ್ತು. ಮೂರೂ ಐವತ್ತೆಂಟಕ್ಕೆ ಫೋನ್ ಎತ್ತಿಕೊಂಡಳು. ಒಂದೊಂದೇ ಅಂಕಿ ಒತ್ತಿದಳು. ಆ ಕಡೆ ಯಾರೋ ಡಬ್ಬಿ ಬಡಿಯುತ್ತಿದ್ದರು, ಇನ್ಯಾರೋ ಅಳುತ್ತಿದ್ದರು, ನಡುವೆ ಒಂದು ನಿರಾಳವಾದ ದೊಡ್ಡ ದನಿ.

ಮದಾಂ ಬೆರ್ಜೆರೋನ್: ಹಲೋ! ಯಾರು? ಓ, ಫ್ಲಾವಿ ಅಮ್ಮನಾ! ಇನ್ನೇನು ಪಟ್ಟೀಲಿ ಮುಂದಿನವರ ನಂಬರ್ ಒತ್ತಬೇಕು ಅಂತಿದ್ದೆ ಕಣಮ್ಮ. ಸೋಮವಾರ ಬರ್ತಾಳಾ?

ಜೋಸಿಯಾನ್: ಬರ್ತಾಳೆ ಮದಾಂ. ಬೆಳಿಗ್ಗೆ ಎಂಟಕ್ಕೆ.

ಮದಾಂ ಬೆರ್ಜೆರೋನ್: ಒಳ್ಳೇದು. ಮಗು ವಿಷಯದಲ್ಲಿ ನಾನು ಏನಾದ್ರೂ ವಿಶೇಷವಾಗಿ ಗಮನ ಇಡಬೇಕಾ? ಹಾಲು ಆಗಲ್ಲ, ಮೊಟ್ಟೆ ಆಗಲ್ಲ, ಅಂಥದ್ದು? ಹೇಳಿ, ಬರ್ಕೊತೀನಿ.

ಜೋಸಿಯಾನ್: ಬೇಡ ಬೇಡ! ಬರ್ಕೊಬೇಡಿ! ಅವಳಿಗೆ ಎಲ್ಲಾ ಆಗತ್ತೆ. ಒಂದೇ ಕೇಳ್ಕೊಳೋದು... ಅವಳನ್ನ ತುಂಬಾ ನೋಡ್ತಾ ಇರಬೇಡಿ ಮದಾಂ. ನೋಡೋದು ಜಾಸ್ತಿ ಆದ್ರೆ ಕೆಡತ್ತೆ.

ಆ ಕಡೆ ಡಬ್ಬಿ ಕಸಿದು ಎತ್ತಿಟ್ಟ ಸದ್ದು ಕೇಳಿತು.

ಮದಾಂ ಬೆರ್ಜೆರೋನ್: ನೋಡಿಯಮ್ಮ, ಮೂವತ್ತು ವರ್ಷದಿಂದ ಇದನ್ನ ನಡೆಸ್ತಿದೀನಿ. ಬರೋ ತಾಯಂದಿರೆಲ್ಲ ಸಾವಿರ ಷರತ್ತು ಹಾಕ್ತಾರೆ, ನಾನೂ ಹೂಂ ಹೂಂ ಅಂತೀನಿ. ಆದ್ರೆ ಒಬ್ಬಳೇ ಆರು ಮಕ್ಕಳನ್ನ ಇಟ್ಕೊಂಡು ನಿಜವಾಗ್ಲೂ ನಡೆಸಿಕೊಡ್ತೀನಿ ಅಂತ ಎದೆ ತಟ್ಟಿ ಹೇಳಬಹುದಾದ ಷರತ್ತು ಹಾಕಿದ್ದು ನೀವೊಬ್ಬರೇ.