ಡಿಬ್ಬರ ಡೂ ವಿರುದ್ಧ ನನ್ನ ಹೋರಾಟ

ಕನ್ನಡದ ಮಾನ ಕಾಯುವ ಕೆಲಸವನ್ನು ಯಾರೂ ನನಗೆ ವಹಿಸಿರಲಿಲ್ಲ. ನಾನಾಗಿಯೇ ವಹಿಸಿಕೊಂಡಿದ್ದೆ. ಅದು ಎಪ್ಪತ್ತರ ದಶಕ. ಬಿಜಾಪುರದ ಒಂದು ಸಾಲಿಯಲ್ಲಿ ನಾನು ಕನ್ನಡ ಮಾಸ್ತರ. ಆಗ ಸೊಲ್ಲಾಪುರ ರಸ್ತೆಯ ಚಹಾದಂಗಡಿಗಳ ರೇಡಿಯೋದಲ್ಲೆಲ್ಲ ಮುಂಜಾನೆಯಿಂದ ಒಂದೇ ಸಿನಿಮಾ ಹಾಡು ಒದರುತ್ತಿತ್ತು.

"ಡಿಬ್ಬರ ಡಿಬ್ಬರ ಡಿಬ್ಬರ ಡೂ, ನೀನೇ ಸೈಕಲ್, ನಾನೇ ಟ್ಯೂಬು!"

ಹೆಣ್ಣನ್ನು ಸೈಕಲ್ಲಿಗೆ ಹೋಲಿಸಿದ್ದು ಘೋರ ಅವಮಾನ. ತನ್ನನ್ನು ಟ್ಯೂಬಿಗೆ ಹೋಲಿಸಿಕೊಂಡದ್ದು ಬೇಕಾದರೆ ಅವನ ಹಣೆಬರಹ. ಆದರೆ ಡಿಬ್ಬರ ಎಂದರೇನು? ನಿಘಂಟು ತೆಗೆದು ನೋಡಿದೆ. ಇರಲಿಲ್ಲ! ಈ ಹಾಡು ನಿಲ್ಲಿಸಿರೆಂದು ರೇಡಿಯೋದವರಿಗೆ ಅರ್ಜಿ ಬರೆಯುವುದೆಂದು ನಿಶ್ಚಯಿಸಿ ಹೊಸ ನೋಟಬುಕ್ ತಂದೆ. ಆರೋಪ ಮಾಡುವವನು ಪುರಾವೆ ಇಟ್ಟುಕೊಳ್ಳಬೇಕಲ್ಲ? ಹಾಡಿನ ಐದೂ ನುಡಿಗಳನ್ನು ಅಕ್ಷರ ತಪ್ಪದಂತೆ ಬರೆದುಕೊಳ್ಳಲು ಚಹಾದಂಗಡಿಯಲ್ಲಿ ದಿನಾ ಕೂತೆ. ಬರೆದೆ, ತಿದ್ದಿದೆ, ಮತ್ತೆ ಚೊಕ್ಕವಾಗಿ ಬರೆದೆ.

ಅಷ್ಟರಲ್ಲಿ ತಿಕೋಟಾದಲ್ಲಿ ನಮ್ಮ ಅಕ್ಕನ ಮಗಳು ಕಸ್ತೂರಿಯ ಲಗ್ನ ಬಂತು. ಅಕ್ಕನಿಗೆ ಗಂಡನಿಲ್ಲ. ಸೋದರಮಾವನಾದ ನಾನೇ ಹಿರಿಯ. ಬಬಲೇಶ್ವರದ ಬೀಗರು ದೊಡ್ಡ ಮನೆತನದವರು, ಅವರ ಮನಸ್ಸಿಗೆ ಒಂದಿಷ್ಟೂ ನೋವಾಗಬಾರದೆಂದು ಅಕ್ಕ ನನ್ನ ಕೈ ಹಿಡಿದು ಹೇಳಿದ್ದಳು. ಆ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಎಲ್ಲಾ ಅನಾಹುತಕ್ಕೂ ಅದೇ ಮೂಲ.

ಮೈಕಿನ ಮೆಹಬೂಬಸಾಬ ಎರಡು ಲೌಡಸ್ಪೀಕರು, ಒಂದು ಪೆಟ್ಟಿಗೆ ರಿಕಾರ್ಡು ತಂದು ಇಳಿಸಿದ. ರಿಕಾರ್ಡಿನ ಪೆಟ್ಟಿಗೆಗೆ ನಾನು ಅಲ್ಲೇ ಬೀಗ ಜಡಿದೆ. ಈ ಲಗ್ನದಲ್ಲಿ ಅಸಭ್ಯ, ಅರ್ಥಹೀನ ಹಾಡಿಗೆ ಅವಕಾಶವಿಲ್ಲ, ಮೈಕಿನಲ್ಲಿ ನಮ್ಮ ಹೆಣ್ಣುಮಕ್ಕಳು ಹಳೆಯ ಹಾಡು ಹಾಡುತ್ತಾರೆ ಎಂದು ಘೋಷಿಸಿದೆ.

"ಸರ್, ರಿಕಾರ್ಡ ಇಲ್ಲದ ಲಗ್ನಾ ಅಂದ್ರ, ಈ ಮನ್ಯಾಗ ಏನ್ ಆಗಬಾರದ್ದ ಆಗೇತಿ ಅಂತ ಮಂದಿ ಕೇಳ್ತಾರ್ರಿ," ಎಂದ ಮೆಹಬೂಬಸಾಬ.

ನನ್ನ ಹೆಂಡತಿ ಶಾರದಾ, ಹಾಡುವವಳು ನಿಮ್ಮ ಸೋದರತ್ತೆ ನಾಗತ್ತಿ, ಒಮ್ಮೆ ವಿಚಾರ ಮಾಡಿರಿ ಎಂದಳು. ನಾನು ವಿಚಾರ ಮಾಡಲಿಲ್ಲ. ಜನಪದ ಹಾಡೆಂದರೆ ನನಗೆ ಗೊತ್ತಿದ್ದುದು ಪಠ್ಯಪುಸ್ತಕದ ಬೀಸುವ ಪದ ಮಾತ್ರ. ಅದರಲ್ಲಿ ಎಲ್ಲರೂ ತಾಯಿಯನ್ನು ನೆನೆಯುತ್ತಾರೆ, ಕಣ್ಣೀರು ಹಾಕುತ್ತಾರೆ. ಅದಕ್ಕಿಂತ ಸಭ್ಯವಾದದ್ದು ಇನ್ನೇನಿದೆ?

ಅಕ್ಷತೆ ಬಿತ್ತು. ಹಂದರದಲ್ಲಿ ಬೀಗರು ಊಟಕ್ಕೆ ಕೂತರು. ಪತ್ರಾವಳಿಗೆ ಹೋಳಿಗೆ ಬಿದ್ದ ಕೂಡಲೇ ನಮ್ಮ ಎಪ್ಪತ್ತು ವರ್ಷದ ನಾಗತ್ತಿ ಮೈಕಿನ ಮುಂದೆ ಕೂತು, ಕೆಮ್ಮಿ, ಧ್ವನಿ ತೆಗೆದಳು.

"ಬೀಗಪ್ಪ ಬಂದಾನ ಬುಟ್ಟಿ ತಂದಾನ, ಹೋಳಿಗಿ ಕದ್ದು ಒಯ್ಯಾಕ, ಹೊಟ್ಟಿ ನೋಡಿದ್ರ ಹಗೇವು ಐತಿ, ಊರ ಜ್ವಾಳ ತುಂಬಾಕ!"

ಒಂದು ಲೌಡಸ್ಪೀಕರಿನ ಬಾಯಿ ಬಸ್ಟ್ಯಾಂಡಿನ ಕಡೆಗಿತ್ತು. ಬೀಗರ ಹೊಟ್ಟೆ ನೆಲದಡಿಯ ಕಣಜದಷ್ಟಿದೆ ಎಂಬ ವಿಚಾರ ಇಡೀ ತಿಕೋಟಾಕ್ಕೆ ತಿಳಿಯಿತು. ಬಿಜಾಪುರದ ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ಇಣುಕಿದರು. ನಾಗತ್ತಿ ಮುಂದೆ ವರನ ತಾಯಿ, ಬೀಗತಿ ನೀಲವ್ವನ ಹೆಸರೆತ್ತಿ "ಮೂಗು" ಎನ್ನುವಷ್ಟರಲ್ಲಿ ಓಡಿ ಹೋಗಿ ಮೈಕಿನ ವಾಯರು ಕಿತ್ತೆ!

ನಾನು ಬೀಗರೆದುರು ಕೈಮುಗಿದು, ಪ್ರಸ್ತುತ ಅಸಭ್ಯ ಸಾಹಿತ್ಯಕ್ಕಾಗಿ ಕನ್ಯಾಪಕ್ಷದ ಪರವಾಗಿ ವಿಷಾದ ವ್ಯಕ್ತಪಡಿಸುತ್ತೇನೆ ಎಂದೆ. ವರನ ತಂದೆ, ನಮ್ಮ ಬೀಗರು, ಹೋಳಿಗೆ ಮುರಿಯುತ್ತಿದ್ದ ಕೈ ಹಿಂದಕ್ಕೆ ತೆಗೆದರು. ಅವರನ್ನು ನೋಡಿ ಸಾಲಿನವರೆಲ್ಲ ಕೈ ತೆಗೆದರು. ನೀಲವ್ವ ಎದ್ದು ನಿಂತಳು.

"ಯಾಕ್ರಿ ಮಾಸ್ತರ, ನಮ್ಮನ್ನ ಬೀಗರು ಅಂತ ಹಿಡದೀರೋ ಇಲ್ಲೋ? ಹಿರೇ ಮಗನ ಲಗ್ನದಾಗ ನನ್ನ ಮೂಗಿನ ಮ್ಯಾಲೇ ಹನ್ನೆರಡ ನುಡಿ ಹಾಡಿದ್ರು. ಇಲ್ಲಿ ನನ್ನ ಹೆಸರ ಬಂದ ಕೂಡ್ಲೇ ಬಂದ್ ಮಾಡಿದ್ರಿ. ಬೈಸಿಕೊಳ್ಳಾಕೂ ಯೋಗ್ಯರಲ್ಲೇನ್ ನಾವು?"

ಬೀಗರ ಊಟದಲ್ಲಿ ಹೀಗೆ ಬೈದು ಹಾಡುವುದೇ ಮರ್ಯಾದೆಯಂತೆ. ಬಬಲೇಶ್ವರದ ಹೆಣ್ಣುಮಕ್ಕಳು ನಮ್ಮನ್ನು ಬೈಯಲು ತಿಂಗಳಿಂದ ಹಾಡು ಕಟ್ಟಿಕೊಂಡು ಬಂದಿದ್ದರಂತೆ. ಅದೂ ಹಾಳಾಯಿತು. ನಾಗತ್ತಿಯನ್ನು ಕರೆಯಲು ಹೋದರೆ, ಅಸಭ್ಯ ಎಂದವನೇ ಹಾಡಲಿ ಎಂದು ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಅಕ್ಕ ಕಂಬಕ್ಕೆ ಆತು ಅಳತೊಡಗಿದಳು. ಬಾಸಿಂಗ ಕಟ್ಟಿಕೊಂಡ ಕಸ್ತೂರಿ ನನ್ನನ್ನೇ ನೋಡುತ್ತಿದ್ದಳು. ನನಗೆ ನಿಜವಾಗಿ ಹೆದರಿಕೆಯಾಯಿತು. ಬೀಗರು ಅರ್ಧ ಊಟದಲ್ಲಿ ಎದ್ದರೆ ಆ ಹುಡುಗಿ ಆ ಮನೆಯಲ್ಲಿ ಜೀವನವಿಡೀ ಮಾತು ಕೇಳಬೇಕು.

ಬೀಗರು ಶಾಂತವಾಗಿ ತೀರ್ಪು ಕೊಟ್ಟರು. "ಬಂದ್ ಮಾಡಿದವರೇ ಹಾಡ್ರಿ. ಅಂದ್ರ ಉಣ್ತೀವಿ."

ಮೆಹಬೂಬಸಾಬ ವಾಯರು ಜೋಡಿಸಿ ಮೈಕನ್ನು ನನ್ನ ಬಾಯಿಗೇ ಹಿಡಿದ. ಪಠ್ಯಪುಸ್ತಕದ ಎಲ್ಲ ಪದ್ಯಗಳೂ ಆ ಕ್ಷಣ ನನ್ನನ್ನು ಕೈಬಿಟ್ಟು ಓಡಿದವು. ಇಪ್ಪತ್ತು ವರ್ಷ ಕಲಿಸಿದ ಒಂದು ಸಾಲೂ ನೆನಪಾಗಲಿಲ್ಲ. ಆದರೆ ಬರೆದು, ತಿದ್ದಿ, ಮತ್ತೆ ಚೊಕ್ಕವಾಗಿ ಬರೆದದ್ದು ಎಲ್ಲಿ ಹೋಗುತ್ತದೆ? ಕಣ್ಣು ಮುಚ್ಚಿ ಬಾಯಿ ತೆರೆದೆ.

"ಡಿಬ್ಬರ ಡಿಬ್ಬರ ಡಿಬ್ಬರ ಡೂ, ಬೀಗಪ್ಪ ಸೈಕಲ್, ಬೀಗತಿ ಟ್ಯೂಬು!"

ನೀಲವ್ವ ಸೆರಗು ಬಾಯಿಗಿಟ್ಟು ನಕ್ಕಳು. "ಟ್ಯೂಬಿನ ಗಾಳಿ ಹೋದ್ರ ಏನ್ ಮಾಡ್ತೀರಿ, ಅದನ್ನೂ ಹಾಡ್ರಿ," ಎಂದಳು. ಅದು ಮೂರನೆಯ ನುಡಿಯಲ್ಲಿತ್ತು. ಹಾಡಿದೆ. ಐದೂ ನುಡಿ ಹಾಡಿದೆ! ಬೀಗರು ಆರು ಹೋಳಿಗೆ ಉಂಡರು. ನಾಗತ್ತಿ ಚಿಲಕ ತೆಗೆದು ಬಂದು, ಡಿಬ್ಬರ ಅಂದರೆ ಏನಪ್ಪಾ ಎಂದು ಕೇಳಿದಳು. ಹಳೆಗನ್ನಡದ ಶಬ್ದ ಎಂದೆ.

ಈಗ ಬಬಲೇಶ್ವರದಲ್ಲಿ ನನಗೆ ಡಿಬ್ಬರ ಮಾಸ್ತರ ಎಂದೇ ಹೆಸರು. ಕಸ್ತೂರಿ ಅಲ್ಲಿ ಸುಖವಾಗಿದ್ದಾಳೆ. ಅವಳ ಲಗ್ನವಾದ ಎರಡು ವರ್ಷಕ್ಕೆ ಮೈದುನನ ಲಗ್ನದ ಪತ್ರಿಕೆ ಬಂತು. ಕೆಳಗೆ ಬೀಗರು ಸ್ವಹಸ್ತದಿಂದ, ಬರುವಾಗ ನೋಟಬುಕ್ ತರಬೇಕು ಎಂದು ಬರೆದಿದ್ದರು.

ಪತ್ರಿಕೆ ಓದಿದ ಶಾರದಾ, ರೇಡಿಯೋದವರಿಗೆ ಬರೆಯುವ ಅರ್ಜಿ ಎಲ್ಲಿಗೆ ಬಂತು ಎಂದು ಕೇಳಿದಳು. ಅರ್ಜಿ ಇವತ್ತಿಗೂ ಬರೆದಿಲ್ಲ. ನೋಟಬುಕ್ಕಿಗೆ ಮಾತ್ರ ಗಟ್ಟಿ ರಟ್ಟು ಹಾಕಿಸಿದ್ದೇನೆ.