ಎಲ್ಲಕ್ಕೂ ಐದಕ್ಕೆ ಐದು

ಟಕ್, ಟಕ್, ಟಕ್. ಕಾನ್ವೆಂಟಿನಲ್ಲಿ ನಮ್ಮ ಬಯಾಲಜಿ ಪುಸ್ತಕದ ರಿಪ್ರೊಡಕ್ಷನ್ ಪಾಠವನ್ನು ಸಿಸ್ಟರ್ ಸ್ಟೇಪ್ಲರ್ ಒತ್ತಿ ಮುಚ್ಚುತ್ತಿದ್ದ ಸದ್ದು ಅದು, ಒಂದು ಪುಸ್ತಕಕ್ಕೆ ಮೂರು ಪಿನ್ನು. “ಗರ್ಲ್ಸ್, ಇದು ಎಕ್ಸಾಮಿಗೆ ಬರೋದಿಲ್ಲ” ಎಂದಿದ್ದರು. ಬರಲಿಲ್ಲ, ನಿಜ. ಮದುವೆಯಲ್ಲಿ ಬಂತು, ಗೆಸ್ಸಿಂಗಿನಲ್ಲೇ ಪಾಸಾದೆ. ಈಗ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಪರದೇಶದ ಈ ಟ್ಯಾಂಪಿನೀಸಿನ ನಮ್ಮ ಊಟದ ಮೇಜಿನ ಮೇಲೆ ಆ ಪಾಠ ಪಿನ್ನು ಬಿಚ್ಚಿಕೊಂಡು ಮತ್ತೆ ಬಂದು ಕೂತಿತು.

ಮಗಳು ರೇಖಾ ಇಲ್ಲಿ ಆಸ್ಪತ್ರೆಯೊಂದರಲ್ಲಿ ಸಂಶೋಧಕಿ. ಹೆಂಗಸರ ಆಸೆ, ಸುಖ, ನೋವುಗಳನ್ನು ಕೇಳುವ ಇಂಗ್ಲಿಷ್ ಪ್ರಶ್ನಾವಳಿಯನ್ನು ಅವಳ ಜೊತೆಯ ಟರ್ಕಿಯ ಹುಡುಗಿ ತನ್ನ ಭಾಷೆಗೆ ತಂದು, ಒರೆಹಚ್ಚಿ ಮುಗಿಸಿದ್ದಳು. ಕನ್ನಡದ್ದು ನನ್ನ ಪಾಲಿಗೆ ಬಂತು.

“ಅಮ್ಮ, ಎಂಬ್ಯಾರಸ್ ಆಗಲ್ವಾ?”

“ನಾನಾ? ನಾನ್‌ಸೆನ್ಸ್!” ಎಂದೆ. ಮೊದಲ ಪ್ರಶ್ನೆ ಓದಿದವಳೇ ಎದ್ದು ಹೋಗಿ ದೇವರಗೂಡಿನ ಬಾಗಿಲು ಹಾಕಿ ಬಂದೆ.

ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕಂಬಗಳ ನಡುವಿನ ಖಾಲಿ ಜಗಲಿಯಲ್ಲಿ, ಸಂಜೆ ಕೂರುವ ಕನ್ನಡದ ಹೆಂಗಸರೇ ನಮ್ಮ ಪರೀಕ್ಷಾರ್ಥಿಗಳು. ಒಮ್ಮೆ ತುಂಬಿ ಕೊಟ್ಟವರಿಗೆ ಎರಡು ವಾರ ಬಿಟ್ಟು ಅದೇ ಪ್ರಶ್ನೆಗಳನ್ನು ಕೊಡಬೇಕು. ಉತ್ತರ ತಾಳೆಯಾದರೆ ಅನುವಾದ ಗಟ್ಟಿ. ಎಲ್ಲರದೂ ಹೆಚ್ಚುಕಡಿಮೆ ತಾಳೆಯಾಯಿತು, ಒಬ್ಬರದು ಬಿಟ್ಟು. ಮೊದಲ ಸಲ ಎಲ್ಲಕ್ಕೂ ಐದಕ್ಕೆ ಐದು, ನೋವೇ ಇಲ್ಲ. ಎರಡನೇ ಸಲ ‘ಯಾವಾಗಲೂ ನೋವು’.

“ನೋವಿನ ಪ್ರಶ್ನೇಲಿ ನಿನ್ನ ಕನ್ನಡ ಇವರಿಗೆ ಅರ್ಥ ಆಗಿಲ್ಲ ಅನ್ಸತ್ತೆ. ಈ ಆಂಟಿದು ಡ್ರಾಪ್ ಮಾಡ್ತೀನಿ” ಎಂದಳು ರೇಖಾ.

ನನ್ನ ಕನ್ನಡವೇ! ಅವಮಾನ ತಡೆಯದೆ, ಮರುದಿನ ಕೆಳಗೆ ಸಿಕ್ಕ, ಅದೇ ಗುಂಪಿನ ಸಾವಿತ್ರಿಯ ಮುಂದೆ, ಯಾರೋ ಒಬ್ಬಾಕೆಯ ಉತ್ತರ ಹೀಗೆ ತಿರುಗುಮುರುಗಾಗಿದೆ, ರೇಖಾ ಅದನ್ನು ತೆಗೆದುಹಾಕುತ್ತಾಳಂತೆ ಎಂದು ಗೊಣಗಿದೆ. ಅವಳು ಐವತ್ತು ದಾಟಿದವಳು. ಗಂಡ ಮೂರ್ತಿ ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯಲ್ಲಿ ಎಂಜಿನಿಯರ್.

ಅವಳು ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚುತ್ತಾ, “ಅದು ನಂದೇ ಇರ್ಬೇಕು ಆಂಟಿ” ಎಂದಳು. “ಫಾರ್ಮ್ ಅಂದ್ರೆ ನಮ್ಮನೇಲಿ ಇವರೇ ತುಂಬೋದು. ಪಾಸ್‌ಪೋರ್ಟು, ಇಲ್ಲಿರೋಕೆ ಪಿಆರ್, ಎಲ್ಲಾ. ಇದನ್ನೂ ಟೇಬಲ್ ಮೇಲಿಟ್ಟಿದ್ದೆ, ತುಂಬಿಬಿಟ್ರು.”

“ಅಯ್ಯೋ! ನಿನ್ನ ಏನೂ ಕೇಳಲಿಲ್ವೇನೇ?”

“ಹುಟ್ಟಿದ ತಾರೀಕು ಕೇಳಿದ್ರು.”

ನಾನು ನಕ್ಕೆ. ಅವಳು ನಗಲಿಲ್ಲ. “ಎರಡನೇದು ನಾನೇ ತುಂಬಿದ್ದು. ನೋವಿದೆಯಾ ಅಂತ ನಾಲ್ಕು ವರ್ಷದಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ಅದನ್ನ ಹರಿದು ಹಾಕ್ಬೇಡಿ ಅಂತ ರೇಖಾಗೆ ಹೇಳಿ.”

ಹೇಳಿದೆ. ರೇಖಾ ಸಾವಿತ್ರಿಗೆ ಫೋನ್ ಮಾಡಿ, ಒಬ್ಬ ಲೇಡಿ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ಬುಕ್ ಮಾಡಿದಳು. ಪ್ರಶ್ನಾವಳಿಯ ನೆತ್ತಿಗೆ ಇಂಗ್ಲಿಷಿನಲ್ಲಿಲ್ಲದ ಒಂದು ಸಾಲು ಸೇರಿಸಲು ನನಗೆ ಪರ್ಮಿಷನ್ ಸಿಕ್ಕಿತು: ‘ಇದನ್ನು ನೀವೇ ತುಂಬಿ.’ ನನ್ನ ಅಷ್ಟೂ ಕನ್ನಡದಲ್ಲಿ ಎಲ್ಲರಿಗೂ ಅರ್ಥವಾದದ್ದು ಅದೊಂದೇ ಎಂದು ರೇಖಾ ಈಗಲೂ ಹೇಳುತ್ತಾಳೆ.

ಮುಂದೆ ಮೂರ್ತಿಯ ಕೆಲಸ ಬೇರೆ ದೇಶಕ್ಕೆ ಶಿಫ್ಟ್ ಆಗಿ ಅವರು ಹೊರಟುಹೋದರು. ನಾನು ಸಾವಿತ್ರಿಯನ್ನು ಕೊನೆಯ ಸಲ ನೋಡಿದ್ದು ಎಂಆರ್‌ಟಿ ರೈಲು ನಿಲ್ದಾಣದ ಗೇಟಿನ ಬಳಿ. ಡಾಕ್ಟರ ಹತ್ತಿರ ಎರಡನೇ ಸಲ ಹೊರಟಿದ್ದಳು, ಒಬ್ಬಳೇ. ಕೈಚೀಲದಿಂದ ಅವಳದೇ ಪೆನ್ನು ಇಣುಕುತ್ತಿತ್ತು, ಅಲ್ಲಿನ ಫಾರ್ಮ್ ತುಂಬಲಿಕ್ಕೆ.

“ಆಂಟಿ, ನೀವು ನಿಮ್ಮದು ತುಂಬಿದ್ರಾ?”

“ರೇಖಾ ನನಗೂ ಒಂದು ಕೊಟ್ಟಿದ್ದಾಳೆ ಕಣೇ, ಹಿಂದಿನದನ್ನ ನೆನೆಸಿಕೊಂಡು ತುಂಬು ಅಂತ. ಎಲ್ಲಿ, ಕನ್ನಡಕವೇ ಸಿಕ್ತಿಲ್ಲ” ಎಂದೆ.

ಅವಳು ನನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ಒಂದು ಕ್ಷಣ ನೋಡಿದಳು. ಅದನ್ನು ಮೆಲ್ಲಗೆ ನೆಟ್ಟಗೆ ಮಾಡಿ, ಕಾರ್ಡ್ ತಟ್ಟಿ, ಗೇಟು ದಾಟಿ ಹೋದಳು.